ಯಾರೂ ಬಿತ್ತದ ಬಾರಿಗೆ

ಹುಬ್ಬಳ್ಳಿ ಬಿಟ್ಟು ನವಲಗುಂದದ ದಾರಿ ಹಿಡಿದರೆ ಸ್ವಲ್ಪ ಹೊತ್ತಿನಲ್ಲೇ ಗಿಡಮರ ವಿರಳವಾಗಿ, ಎರಡೂ ಕಡೆ ಕಣ್ಣು ಹಾಯುವವರೆಗೆ ಎರಿ ಹೊಲವೇ. ಮಾಘ ಮಾಸದ ಬಿಸಿಲು. ಹಿಂಗಾರಿ ಜೋಳ ಮಾಗಿತ್ತು. ಕೆಲವು ಹೊಲಗಳಲ್ಲಿ ಕಿತ್ತ ಜೋಳ ಸಾಲುಸಾಲಾಗಿ ಬಿದ್ದಿತ್ತು; ತಲೆಗೆ ಸೆರಗು ಬಿಗಿದ ಹೆಂಗಸರು ಕೂತಲ್ಲಿಂದಲೇ ಸರಿಯುತ್ತ ತೆನೆ ಮುರಿದು ಗುಂಪು ಹಾಕುತ್ತಿದ್ದರು. ಬಿರುಕು ಬಿಟ್ಟ ಕರಿಮಣ್ಣಿನಲ್ಲಿ ಕಾಲು ಸಿಗದಂತೆ ನೋಡಿಕೊಂಡು ನಾನು ಬದುವಿನ ಮೇಲೆ ನಡೆದೆ.

ನಾನು ಹೊರಟಿದ್ದು ಜೋಳ ನೋಡುವುದಕ್ಕಲ್ಲ, ಕಸಬರಿಗೆ ಹುಡುಕುವುದಕ್ಕೆ. ಜಗತ್ತಿನ ಬೇರೆ ಕಡೆ ಈ ಎರಡಕ್ಕೂ ರಕ್ತಸಂಬಂಧವೇ ಇದೆ. ಕಸಬರಿಗೆ ಕಟ್ಟುವುದಕ್ಕೆಂದೇ ಬೆಳೆಯುವ ಜೋಳವೊಂದು ಉಂಟು. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಅದೂ ನಮ್ಮ ರೊಟ್ಟಿಯ ಜೋಳವೂ ಒಂದೇ ಜಾತಿ, ಸೋರ್ಗಮ್ ಬೈಕಲರ್. ವ್ಯತ್ಯಾಸ ತೆನೆಯದು. ನಮ್ಮ ಜೋಳದ ತೆನೆ ಮುಷ್ಟಿ ಬಿಗಿದ ಹಾಗೆ ಗುಂಡಗೆ, ತುಂಬ ಕಾಳು. ಕಸಬರಿಗೆ ಜೋಳದ ತೆನೆಗೆ ನಡುದಿಂಡು ಗಿಡ್ಡ, ಎಳೆಗಳು ಉದ್ದ. ಒಂದೂವರೆ ಎರಡು ಅಡಿಯ ಎಳೆಗಳ ತುದಿಯಲ್ಲಿ ಅಲ್ಲೊಂದು ಇಲ್ಲೊಂದು ಸಣ್ಣ ಕಾಳು. ಕಾಳು ಉದುರಿಸಿ ಎಳೆಗಳನ್ನು ಕಟ್ಟಿದರೆ ಕಸಬರಿಗೆ.

ಇಟಲಿಯಲ್ಲಿ ಅದನ್ನು ಶತಮಾನಗಳ ಹಿಂದೆಯೇ ಬೆಳೆಯುತ್ತಿದ್ದರು. ಅಮೆರಿಕಕ್ಕೆ ಅದರ ಬೀಜ ತಂದವನು ಬೆಂಜಮಿನ್ ಫ್ರಾಂಕ್ಲಿನ್ ಎಂದು ಅಲ್ಲಿ ಒಂದು ಕಥೆ ಹೇಳುತ್ತಾರೆ. 1797ರ ಸುಮಾರಿಗೆ ಮ್ಯಾಸಚೂಸೆಟ್ಸ್‌ನ ಹ್ಯಾಡ್ಲಿ ಎಂಬ ಊರಿನ ರೈತ ಲೀವೈ ಡಿಕಿನ್‌ಸನ್ ಈ ಜೋಳ ಬೆಳೆದು ಕಸಬರಿಗೆ ಕಟ್ಟಿ ಮಾರತೊಡಗಿದ. ಶೇಕರ್ ಪಂಥದವರು ದುಂಡಗಿನ ಕಟ್ಟನ್ನು ಒತ್ತಿ, ದಾರದಿಂದ ಹೊಲಿದು ಚಪ್ಪಟೆ ಮಾಡಿದರು. ಅಲ್ಲಿನ ಕಸಬರಿಗೆಗೆ ಇಂದಿಗೂ ಅದೇ ಆಕಾರ. ಇಲಿನಾಯ್ ರಾಜ್ಯದ ಆರ್ಕೋಲಾ ಊರಿನಲ್ಲಿ ಈ ಬೆಳೆಯ ಹೆಸರಿನಲ್ಲಿ ವರ್ಷಕ್ಕೊಮ್ಮೆ ಜಾತ್ರೆ ನಡೆಯುತ್ತದೆ. ಬೆಳೆ ಮಾತ್ರ ಬಹುಮಟ್ಟಿಗೆ ಮೆಕ್ಸಿಕೊಕ್ಕೆ ಸರಿದಿದೆ. ಕೈಯಿಂದಲೇ ಕೊಯ್ಯಬೇಕಾದ ಬೆಳೆ ಅದು, ಕೂಲಿ ಅಗ್ಗವಿದ್ದಲ್ಲಿಗೆ ಹೋಯಿತು.

ಕೊಯ್ಯುವ ಹೊತ್ತಿನ ಸಂಗತಿ ನಮ್ಮವರಿಗೆ ಚೆನ್ನಾಗಿ ತಿಳಿಯುತ್ತದೆ. ಕಾಳು ಬಲಿಯಲು ಬಿಟ್ಟರೆ ಎಳೆ ಪೆಡಸಾಗಿ ಮುರಿಯುತ್ತದೆ. ಆದ್ದರಿಂದ ಕಾಳು ಇನ್ನೂ ಹಾಲುಗಟ್ಟುತ್ತಿರುವಾಗಲೇ ಕೊಯ್ದು ನೆರಳಿನಲ್ಲಿ ಒಣಗಿಸಬೇಕು. ಧಾರವಾಡದ ಕಡೆಯವರು ಹೊಲದಲ್ಲಿ ಬೆಂಕಿ ಮಾಡಿ ತೆನೆ ಸುಟ್ಟು, ಅಂಗೈಯಲ್ಲಿ ತಿಕ್ಕಿ ಸೀತನಿ ತಿನ್ನುವುದು ಹೆಚ್ಚುಕಡಿಮೆ ಅದೇ ಹದದಲ್ಲಿ. ಅವರು ಕಸಬರಿಗೆಗೆ ಕೊಯ್ಯುವ ಹೊತ್ತಿಗೆ ನಾವು ಬೆಲ್ಲ, ಶೇಂಗಾ ಹಿಂಡಿ ಹಿಡಿದುಕೊಂಡು ಹೊಲಕ್ಕೆ ಹೋಗುತ್ತೇವೆ.

ಬದುವಿನ ಮೇಲೆ ಬುತ್ತಿ ಬಿಚ್ಚಿದ್ದ ಹಿರಿಯ ರೈತರೊಬ್ಬರಿಗೆ ಇದನ್ನೆಲ್ಲ ಹೇಳಿದೆ. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನಕ್ಕರು.

“ಹೊಲದಾಗ ಕಸಬರಿಗಿ ಯಾರರೆ ಬಿತ್ತತಾರೇನ್ರೀ? ಜ್ವಾಳ ಬಿತ್ತೂದು ರೊಟ್ಟಿಗೆ. ಕಾಳು ಮನಿಗೆ, ಕಣಕಿ ಎತ್ತಿಗೆ. ಕಂಕಿನೂ ಬಿಡೂದಿಲ್ಲ ದನಾ. ಕಸಾ ಹೊಡಿಯಾಕ ಅಂತ ಏನ್ ಉಳೀತೈತಿ ಹೇಳ್ರಿ?”

ಅವರ ಲೆಕ್ಕ ಸರಿ. ಈ ಸೀಮೆಯ ಹಿಂಗಾರಿಗೆ ಬಹುಕಾಲದ ಒಡೆಯ ಮಾಲದಂಡಿ, ಅಂದರೆ ಎಂ 35-1. ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ 1930ರ ದಶಕದಲ್ಲಿ ನಾಟಿ ಜೋಳದಿಂದ ಆಯ್ದ ತಳಿ. ಆಮೇಲೆ ಎಷ್ಟೋ ಹೊಸ ತಳಿಗಳು ಬಂದರೂ ರೈತ ಅದನ್ನು ಬಿಟ್ಟುಕೊಟ್ಟಿಲ್ಲ. ಮುತ್ತಿನಂಥ ಕಾಳು, ಮೆತ್ತಗಿನ ರೊಟ್ಟಿ, ಜೊತೆಗೆ ದನ ಇಷ್ಟಪಟ್ಟು ತಿನ್ನುವ ಕಣಿಕೆ. ಬರಗಾಲದ ವರ್ಷ ಕಣಿಕೆಯ ಬೆಲೆ ಕಾಳನ್ನೂ ನಾಚಿಸುತ್ತದೆ. 1986ರಲ್ಲಿ ಆರಂಭವಾದ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲೂ ಜೋಳದ ಸಂಶೋಧನೆ ನಡೆದುಬಂದಿರುವುದು ಇದೇ ಎರಡರ ಸುತ್ತ: ಕಾಳು ಎಷ್ಟು, ಮೇವು ಎಷ್ಟು. ಮೂರನೆಯದಕ್ಕೆ ಎರಿ ಹೊಲದಲ್ಲಿ ಜಾಗವಿಲ್ಲ. ಈಗಂತೂ ಮುಂಗಾರಿಗೆ ಹೆಸರು, ಉಳ್ಳಾಗಡ್ಡಿ, ಹತ್ತಿ, ಗೋವಿನಜೋಳ, ಹಿಂಗಾರಿಗೆ ಕಡಲೆ. ರೊಟ್ಟಿಯ ಜೋಳವೇ ಬದುವಿನ ಕಡೆಗೆ ಸರಿಯುತ್ತಿದೆ.

ಹಾಗಾದರೆ ಕಣ ಗುಡಿಸುತ್ತಿದ್ದದ್ದು ಯಾವುದರಿಂದ? ಕೇಳಿದೆ. “ತೊಗರಿ ಕಟಗಿ” ಎಂದರು ತಕ್ಷಣ. ತೊಗರಿ ಬಡಿದ ಮೇಲೆ ಉಳಿಯುವ ಕವಲು ಕವಲಾದ ಕಟ್ಟಿಗೆಯನ್ನು ತುದಿ ಒಂದೇ ಕಡೆ ಮಾಡಿ ಕಟ್ಟಿದರೆ ಬಾರಿಗಿ. ನೀರು ಹಾಕಿ, ತುಳಿಸಿ, ಸಗಣಿಯಿಂದ ಸಾರಿಸಿದ ಕಣದ ಮೇಲೆ ಅದನ್ನು ಬಿಟ್ಟರೆ ಬೇರೆ ನಡೆಯದು. ಆದರೆ ರಾಶಿಯ ಹತ್ತಿರ ಅದಕ್ಕೆ ಪ್ರವೇಶವಿಲ್ಲ. ಗಾಳಿಗೆ ತೂರುವಾಗ ಕಾಳಿನ ಮೇಲೆ ಬಂದು ಕೂರುವ ಹೊಟ್ಟನ್ನು ಕಾಳು ಸರಿಯದಂತೆ ಎಳೆಯಬೇಕು. ಅದಕ್ಕೆ ಬೇಕಾದದ್ದು ಈಚಲ ಗರಿಯ ಮೆತ್ತಗಿನ ಕಸಬರಿಗೆ. ಅದನ್ನು ರೈತ ಮಾಡುತ್ತಿರಲಿಲ್ಲ. ಸುಗ್ಗಿಯ ಹೊತ್ತಿಗೆ ಕೊರವರು ಕಸಬರಿಗೆ, ಬುಟ್ಟಿ ಹೊತ್ತು ಕಣದಿಂದ ಕಣಕ್ಕೆ ಬರುತ್ತಿದ್ದರು. ರೊಕ್ಕದ ಮಾತಿಲ್ಲ. ರಾಶಿಯಿಂದ ಒಂದು ಮೊರ ಜೋಳ ಅವರ ಉಡಿಗೆ.

ಈಗ ಕಣವೇ ಇಲ್ಲ. ಹೊಲಕ್ಕೇ ಮಷಿನ್ ಬರುತ್ತದೆ, ಕಾಳು ತಾಡಪತ್ರಿಯ ಮೇಲೆ ಸುರಿಯುತ್ತದೆ. ಎತ್ತುಗಳನ್ನು ಮೇಟಿಯ ಸುತ್ತ ತಿರುಗಿಸುವ ಹಂತಿಯ ಜೊತೆಗೆ ಹಂತಿಯ ಹಾಡೂ ಹೋಯಿತೆಂದು ಜಾನಪದದವರು ಬರೆಯುತ್ತಾರೆ. ಕಣದ ಅಂಚಿನಲ್ಲಿ ನಿಂತು ಆ ಒಂದು ಮೊರ ಜೋಳಕ್ಕೆ ಕಾಯುತ್ತಿದ್ದವರ ವರ್ಷದ ಕೂಳೂ ಹೋಯಿತೆಂದು ಬರೆದವರು ಕಡಿಮೆ.

ಅಣ್ಣಿಗೇರಿಗೆ ಬಂದಾಗ ಬಿಸಿಲು ಇಳಿದಿತ್ತು. ಅಮೃತೇಶ್ವರ ಗುಡಿಯ ಸಾಲುಗಂಬಗಳ ನಡುವೆ ಹೆಂಗಸೊಬ್ಬಳು ಕಸ ಗುಡಿಸುತ್ತಿದ್ದಳು. ಹನ್ನೊಂದನೆಯ ಶತಮಾನದ ಕಲ್ಯಾಣ ಚಾಲುಕ್ಯರ ಗುಡಿ, ಎಪ್ಪತ್ತಾರು ಕಂಬ, ಕರಿಕಲ್ಲಿನ ನೆಲ. ನೋಡಲು ಬಂದವರು ಕಂಬದ ನುಣುಪು ಮುಟ್ಟಿ ಹೋಗುತ್ತಾರೆ. ಆಕೆಗೆ ಗೊತ್ತಿರುವುದು ಕಂಬದ ಬುಡ. ಪೀಠದ ಮೂಲೆಗಳಲ್ಲಿ ಕೂತ ಪಾರಿವಾಳದ ಪುಕ್ಕ, ಕಾಳಿನ ಸಿಪ್ಪೆ, ಧೂಳು. ಕೈಯಲ್ಲಿದ್ದದ್ದು ಈಚಲ ಕಸಬರಿಗೆ, ಬಳಸಿ ಬಳಸಿ ಒಂದು ಕಡೆ ಓರೆಯಾಗಿ ಸವೆದಿತ್ತು. ಅಂಗಡಿಯ ಹೂವಿನ ಕಸಬರಿಗೆ ಇಲ್ಲಿ ನಡೆಯುವುದಿಲ್ಲವೇ ಎಂದರೆ, “ಅದು ಮ್ಯಾಲಿನ ಧೂಳಾ ಅಷ್ಟ ತಗೀತೈತ್ರಿ. ಸಂದ್ಯಾಗಿಂದು ಬರಬೇಕಂದ್ರ ಇದ ಬೇಕು” ಎಂದು ಗೋಡೆಯ ಮೂಲೆಯೊಂದನ್ನು ತೋರಿಸಿ ತೆಗೆದೇಬಿಟ್ಟಳು.

ಕಸ ಗುಡಿಸುವುದನ್ನೇ ಕಾಯಕ ಮಾಡಿಕೊಂಡ ಶರಣೆ ಸತ್ಯಕ್ಕ ನೆನಪಾದಳು. ಶಿವಭಕ್ತರ ಮನೆಯಂಗಳ ಗುಡಿಸುತ್ತಿದ್ದವಳು. ದಾರಿಯಲ್ಲಿ ಹೊನ್ನು ಬಿದ್ದಿದ್ದರೂ ಮುಟ್ಟೆನೆಂದು ಹೇಳಿದವಳು. ಮೆದೆ ಹುಲ್ಲಿನಿಂದ ಹಗ್ಗ ಹೊಸೆದು ಬದುಕಿದ ನುಲಿಯ ಚಂದಯ್ಯನನ್ನು ಕೊರಮ, ಕೊರವ, ಕೊರಚ ಸಮುದಾಯದವರು ತಮ್ಮ ಹಿರಿಯನೆಂದು ಭಾವಿಸುತ್ತಾರೆ. ಸರ್ಕಾರ ಪ್ರತಿವರ್ಷ ಅವನ ಜಯಂತಿ ಆಚರಿಸುತ್ತದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹುಲ್ಲು ಹೊಸೆಯುವವನಿಗೂ ಅಂಗಳ ಗುಡಿಸುವವಳಿಗೂ ಮಾತಿನ ಹಕ್ಕು ಇತ್ತು. ಇವರಿಬ್ಬರ ನಡುವೆ ಇನ್ನೊಬ್ಬರು ಇರಲೇಬೇಕು: ಸತ್ಯಕ್ಕನ ಕೈಯ ಕಸಬರಿಗೆ ಕಟ್ಟಿಕೊಟ್ಟವರು. ಅವರ ಹೆಸರು ವಚನಗಳ ಕಟ್ಟಿನಲ್ಲಿ ನನಗೆ ಸಿಕ್ಕಿಲ್ಲ.

ಪೇಟೆಯಲ್ಲಿ ಕಿರಾಣಿ ಅಂಗಡಿಯ ಮುಂದೆ ಹೂವಿನ ಕಸಬರಿಗೆಗಳ ಕಟ್ಟು ನಿಲ್ಲಿಸಿದ್ದರು. ಅದು ಮೇಘಾಲಯ, ಅಸ್ಸಾಮಿನ ಗುಡ್ಡಗಳಲ್ಲಿ ಬೆಳೆಯುವ ಎತ್ತರದ ಹುಲ್ಲಿನ ತೆನೆ. ಅಲ್ಲಿನ ರೈತರು ಅದನ್ನು ಗುಡ್ಡದ ಇಳಿಜಾರಿನಲ್ಲಿ ನೆಟ್ಟು ಬೆಳೆಯುತ್ತಾರೆ, ಬೇಸಿಗೆಯ ಮುನ್ನ ಕೊಯ್ಯುತ್ತಾರೆ. ದೇಶದ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಲಾರಿಯಲ್ಲಿ ಬಂದರೂ ಇಲ್ಲಿ ಅದಕ್ಕೇ ಗಿರಾಕಿ. ಕಾರಣ ನೆಲದಲ್ಲಿದೆ. ಸಗಣಿ ಸಾರಿಸಿದ ಮಣ್ಣಿನ ನೆಲಕ್ಕೆ ಈಚಲ ಗರಿ ಬೇಕಿತ್ತು. ಒರಟಾದರೆ ಸಾರಣೆ ಕಿತ್ತುಬರುತ್ತದೆ, ಮೆತ್ತಗಾದರೆ ಮಣ್ಣು ಜಗ್ಗುವುದಿಲ್ಲ. ನೆಲಕ್ಕೆ ಟೈಲ್ಸ್ ಬಂದ ದಿನ ಆ ಹದದ ಅಗತ್ಯ ಮುಗಿಯಿತು. ಹಳೆಯ ಕಸಬರಿಗೆ ಹಿತ್ತಿಲಿಗೆ, ದನದ ಕೊಟ್ಟಿಗೆಗೆ ಹೋಯಿತು. ಅಲ್ಲಿಗೂ ಈಗ ಪ್ಲಾಸ್ಟಿಕ್ ಕಡ್ಡಿಯ ಬಾರಿಗೆ ಬಂದಿದೆ.

ಕಟ್ಟುವವರು ಸಿಕ್ಕಿದ್ದು ಕುಂದಗೋಳದ ಕಡೆ, ಹಳ್ಳದ ಮಗ್ಗುಲಿನ ಒಂದು ಊರಿನಲ್ಲಿ. ಊರಿನಲ್ಲಿ ಎಂದರೆ ತಪ್ಪು. ಊರು ಮುಗಿದ ಮೇಲೆ. ತಗಡಿನ ಎರಡು ಮನೆ, ಬೇವಿನ ಗಿಡದ ನೆರಳು, ಅಲ್ಲಿ ಅಜ್ಜಿಯೂ ಸೊಸೆಯೂ ಎದುರುಬದುರು ಕೂತಿದ್ದರು. ಸುತ್ತ ಹರವಿದ ಗರಿ.

“ಬಾ ತಮ್ಮಾ, ಕುಂದರು. ಮುಳ್ಳು ನೋಡ್ಕೊ.”

ಈಚಲ ಗರಿಯ ಬುಡದಲ್ಲಿ ಎಲೆಗಳೇ ಮುಳ್ಳಾಗಿರುತ್ತವೆ. ಮೊದಲು ಅದನ್ನು ಸವರಬೇಕು. ಆಮೇಲೆ ಬಿಸಿಲಿಗೆ. ಹಸಿ ಇದ್ದರೆ ಕಟ್ಟಿದ ಮೇಲೆ ಸುರುಟುತ್ತದೆ, ತೀರ ಒಣಗಿದರೆ ಕೈಯಲ್ಲೇ ಮುರಿಯುತ್ತದೆ. ಹಸಿರು ಹೋಗಿ ಬಿಳುಪು ಬಂದಾಗ ಎತ್ತಿ, ಕಟ್ಟುವ ಹಿಂದಿನ ರಾತ್ರಿ ನೀರು ಚಿಮುಕಿಸಿ ಗೋಣಿಚೀಲ ಮುಚ್ಚಿಡುತ್ತಾರೆ. ಬೆಳಿಗ್ಗೆ ಗರಿ ಕೈಗೆ ಬಗ್ಗುತ್ತದೆ.

ಸೊಸೆಯ ಮುಂದೆ ಮೊಳೆ ಹೊಡೆದ ಹಲಗೆ ಇತ್ತು. ಎಲೆಗಳ ಹಿಡಿಯೊಂದನ್ನು ಮೊಳೆಗಳ ಮೇಲೆ ಹಾಕಿ ತನ್ನೆಡೆಗೆ ಎಳೆದಳು. ಸರ್ರೆಂದು ಒಂದೊಂದು ಎಲೆಯೂ ನಾಲ್ಕೈದು ಎಳೆಯಾಗಿ ಸೀಳಿತು. ತಿರುಗಿಸಿ ಮತ್ತೊಮ್ಮೆ ಎಳೆದಳು. ಬುಡದ ಗೇಣುದ್ದವನ್ನು ಮಾತ್ರ ಸೀಳದೆ ಬಿಟ್ಟಳು. ಹಿಡಿಕೆಗೆ ಬಲ ಅಲ್ಲಿಂದ. ಅಜ್ಜಿಯದು ಕಟ್ಟುವ ಕೆಲಸ. ಹಗ್ಗದ ಒಂದು ತುದಿ ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ, ಇನ್ನೊಂದು ತುದಿ ಕಟ್ಟಿಗೆ ಸುತ್ತಿ, ಕಾಲು ಚಾಚುತ್ತ ಕಟ್ಟನ್ನು ಉರುಳಿಸಿದಳು. ಹಗ್ಗ ಗರಿಯೊಳಗೆ ಇಳಿಯಿತು. ನಡುವೆ ಇನ್ನಷ್ಟು ಎಲೆಗಳನ್ನು ಬೆಣೆಯ ಹಾಗೆ ಒತ್ತಿ ಸೇರಿಸಿ ಮತ್ತೆ ಬಿಗಿದಳು. ಮೊದಲು ಈಚಲ ನಾರಿನಲ್ಲೇ ಕಟ್ಟುತ್ತಿದ್ದರಂತೆ, ಈಗ ನೈಲಾನ್ ಹಗ್ಗ. ಕೊನೆಗೆ ಕಟ್ಟಿದ್ದನ್ನು ನೆಲಕ್ಕೆ ಒಮ್ಮೆ ಕುಟ್ಟಿ, ತುದಿಯನ್ನು ಅಂಗೈ ಮೇಲೆ ಒತ್ತಿ ನೋಡಿದಳು. ಎಳೆ ಎಲ್ಲ ಕಡೆ ಸಮನಾಗಿ ಬಿಚ್ಚಿಕೊಂಡರೆ ಪಾಸು. ಒಂದು ಕಡೆ ಗಿಡ್ಡ ಬಿತ್ತು. ಮಾತಿಲ್ಲದೆ ಬಿಚ್ಚಿ ಸೊಸೆಯ ಕಡೆ ತಳ್ಳಿದಳು. ನನ್ನ ಕಣ್ಣಿಗೆ ಅದರಲ್ಲಿ ಯಾವ ಕುಂದೂ ಕಂಡಿರಲಿಲ್ಲ.

“ಗರಿ ಎಲ್ಲಿಂದ ತರ್ತೀರಿ ಯವ್ವಾ? ಈ ಹಳ್ಳದಾಗ ಈಚಲಾ ಕಾಣಲಿಲ್ಲಲಾ?”

“ಇದ್ವು ತಮ್ಮಾ. ದಂಡಿಗೆಲ್ಲಾ ಅವ ಇದ್ವು. ಜಾಲಿ ಬಂತು, ಮುಚ್ಚಿಬಿಡ್ತು. ಹೊಲದವ್ರು ಒಡ್ಡು ಹಳ್ಳಕ್ಕ ಸರಿಸಿದ್ರು. ಉಸುಕಿನವ್ರು ದಂಡಿ ಕಡದ್ರು. ಮ್ಯಾಲ ಹಳ್ಳ ಬಂದು ಉಳಿದದ್ದು ಒಯ್ತು. ಈಗ ಕಲಘಟಗಿ ಕಡೆ ಹೋಗಬೇಕು. ಅಲ್ಲಿ ಕೇಳ್ತಾರ, ಯಾರು ನೀವು, ಯಾವೂರು ಅಂತ. ನಮಗ ಯಾವೂರು ಅಂತ ಹೇಳೂದು?”

ಆ ಪ್ರಶ್ನೆಗೆ ನೂರೈವತ್ತು ವರ್ಷಗಳ ಇತಿಹಾಸವಿದೆ. ಉಪ್ಪು, ಧಾನ್ಯ, ಬುಟ್ಟಿ, ಕಸಬರಿಗೆ ಹೊತ್ತು ಊರೂರು ತಿರುಗಿ ಬದುಕುತ್ತಿದ್ದ ಸಮುದಾಯಗಳಿಗೆ ಒಂದೇ ಊರು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ರೈಲು ಬಂದು ಉಪ್ಪು, ಧಾನ್ಯದ ವ್ಯಾಪಾರ ಕಸಿಯಿತು. 1871ರಲ್ಲಿ ಬ್ರಿಟಿಷ್ ಸರ್ಕಾರ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದಿತು. 1911ರ ಕಾಯ್ದೆಯ ನಂತರ ಅದರ ಬಲೆ ಇತ್ತಲೂ ಬಿತ್ತು. ತಿರುಗಾಟವೇ ಅನುಮಾನಕ್ಕೆ ಕಾರಣವಾಯಿತು. ಹುಬ್ಬಳ್ಳಿಯಲ್ಲಿ ತಂತಿಬೇಲಿಯೊಳಗೆ ಅಂಥ ಜನರನ್ನು ಕೂಡಿಹಾಕಿ, ಹಾಜರಿ ಹಾಕಿಸಿ, ಗಿರಣಿಯ ಕೆಲಸಕ್ಕೆ ಕಳಿಸುತ್ತಿದ್ದರು. ಆ ಜಾಗವನ್ನು ಹುಬ್ಬಳ್ಳಿಯವರು ಇಂದಿಗೂ ಸೆಟ್ಲ್‌ಮೆಂಟ್ ಎಂದೇ ಕರೆಯುತ್ತಾರೆ. ಕಾಯ್ದೆ 1952ರಲ್ಲಿ ರದ್ದಾಯಿತು. ಬಾಗಿಲಲ್ಲಿ ಕಸಬರಿಗೆ ಮಾರಲು ಬಂದವಳನ್ನು ಒಳಗಿನಿಂದ ಒಂದು ಕಣ್ಣಿಟ್ಟು ನೋಡುವ ರೂಢಿ ರದ್ದಾಗಲಿಲ್ಲ.

ವಿಚಿತ್ರವೆಂದರೆ ಅದೇ ಮನೆಗಳಲ್ಲಿ ಕಸಬರಿಗೆಗೆ ಮರ್ಯಾದೆ ಬಹಳ. ಕಾಲು ತಾಕಬಾರದು, ದಾಟಬಾರದು, ದೀಪ ಹಚ್ಚಿದ ಮೇಲೆ ಕಸ ಹೊಡೆಯಬಾರದು, ಲಕ್ಷ್ಮಿ ಹೋಗುತ್ತಾಳೆ. ದೀಪಾವಳಿಯ ಅಮಾವಾಸ್ಯೆಗೆ ಹೊಸ ಕಸಬರಿಗೆ ತಂದು ಅರಿಶಿನ ಕುಂಕುಮ ಹಚ್ಚಿ ಲಕ್ಷ್ಮಿಯ ಪಕ್ಕ ಇಡುವ ಮನೆಗಳು ಈ ಭಾಗದಲ್ಲಿ ಇವೆ. ಆ ಪೂಜೆಗೆ ಈಚಲ ಕಸಬರಿಗೆಯೇ ಆಗಬೇಕೆನ್ನುವವರೂ ಇದ್ದಾರೆ. ಅಜ್ಜಿಗೆ ವರ್ಷದಲ್ಲಿ ಕೈತುಂಬ ವ್ಯಾಪಾರ ಆಗ ಮಾತ್ರ. ಲಕ್ಷ್ಮಿ ಒಳಗೆ ಹೋದಳು, ಲಕ್ಷ್ಮಿಯನ್ನು ಕಟ್ಟಿದವಳು ಹೊಸ್ತಿಲಾಚೆ ಉಳಿದಳು.

ನಾನು ಎರಡು ಕಸಬರಿಗೆ ಕೊಂಡೆ. ಜೋಡಿಗೆ 80 ರೂಪಾಯಿ. ಚೌಕಾಸಿ ಮಾಡದ್ದಕ್ಕೆ ಅಜ್ಜಿಗೆ ಸಂತೋಷಕ್ಕಿಂತ ಅನುಮಾನವೇ ಹೆಚ್ಚಾದಂತೆ ಕಂಡಿತು.

ಹುಬ್ಬಳ್ಳಿಯಿಂದ ಕಾರವಾರದ ರಸ್ತೆಯಲ್ಲಿ ಕಲಘಟಗಿಯತ್ತ ಹೊರಟರೆ ನೆಲದ ಬಣ್ಣವೇ ಬದಲಾಗುತ್ತದೆ. ಎರಿ ಮುಗಿದು ಮಸಾರಿ. ಭತ್ತದ ಕೂಳೆ, ಗೋವಿನಜೋಳ, ಕೆರೆ, ಸಾಗುವಾನಿ, ಬಿದಿರು. ಬಣ್ಣದ ತೊಟ್ಟಿಲಿಗೆ ಹೆಸರಾದ ಊರು. ಆ ತೊಟ್ಟಿಲಿಗೂ ಮರ ಬೇಕು, ಮರಕ್ಕೆ ಕಾಡು ಬೇಕು. ನವಲಗುಂದದವರು ಕಟ್ಟಿಗೆಗೆ ಹತ್ತಿಕಡ್ಡಿ ಒಟ್ಟಿಟ್ಟುಕೊಳ್ಳುವಾಗ ಇಲ್ಲಿಯವರಿಗೆ ಮಲೆನಾಡಿನ ಸೆರಗು ಇದೆ. ಹಳ್ಳದ ತಿರುವುಗಳಲ್ಲಿ ಕೊನೆಗೂ ಈಚಲು ಕಂಡವು. ಘಟ್ಟದ ಕಡೆಯ ಹುಲ್ಲುಗಾಡುಗಳಲ್ಲಿ ಗಿಡ್ಡ ಈಚಲೂ ಉಂಟು. ಅದರ ಗರಿಯೂ ಕಸಬರಿಗೆಗೆ ಬರುತ್ತದೆ.

ಒಂದು ಗಿಡದ ಹತ್ತಿರ ಹೋಗಿ ನೋಡಿದೆ. ಕೆಳಗಿನ ಗರಿಗಳನ್ನು ಯಾರೋ ಕೊಯ್ದಿದ್ದರು. ಕಡಿತ ಹಳತಾಗಿ ಬೂದುಬಣ್ಣಕ್ಕೆ ತಿರುಗಿತ್ತು. ಸುಳಿಯನ್ನೂ ಅದರ ಸುತ್ತಿನ ಎಳೆಯ ಗರಿಗಳನ್ನೂ ಮುಟ್ಟಿರಲಿಲ್ಲ. ಅಜ್ಜಿ ಹೇಳಿದ್ದು ಅದೇ: “ಸುಳಿ ಬಿಟ್ಟು ಕೊಯ್ಯಬೇಕು. ಸುಳಿ ಕೊಯ್ದವ ಮುಂದಿನ ವರ್ಷ ಉಪಾಸ.” ಯಾವ ಅರಣ್ಯ ಕೈಪಿಡಿಯಲ್ಲೂ ಇದಕ್ಕಿಂತ ಚೊಕ್ಕವಾಗಿ ಬರೆಯಲಾಗದು. ಗಿಡ ಉಳಿದರೆ ತಮ್ಮ ಬದುಕು ಎಂದು ತಿಳಿದವರ ನಿಯಮ ಅದು.

ಕಾನೂನೂ ಇದನ್ನು ಒಪ್ಪುತ್ತದೆ, ಅರ್ಧದಷ್ಟು. 2006ರ ಅರಣ್ಯ ಹಕ್ಕು ಕಾಯ್ದೆ ಮರಮುಟ್ಟು ಅಲ್ಲದ ಕಾಡುತ್ಪನ್ನವನ್ನು ಸಂಗ್ರಹಿಸಿ ಮಾರುವ ಹಕ್ಕನ್ನು ಕಾಡನ್ನು ನಂಬಿ ಬದುಕುವವರಿಗೆ ಕೊಟ್ಟಿದೆ. ಆದರೆ ಪರಿಶಿಷ್ಟ ಪಂಗಡಕ್ಕೆ ಸೇರದವರು 2005ರ ಡಿಸೆಂಬರ್ 13ಕ್ಕೆ ಮುಂಚಿನ ಮೂರು ತಲೆಮಾರು, ಅಂದರೆ 75 ವರ್ಷ, ಆ ಕಾಡಿನಲ್ಲೇ ನೆಲೆಸಿದ್ದನ್ನು ತೋರಿಸಬೇಕು. ಕರ್ನಾಟಕದಲ್ಲಿ ಕೊರಮ, ಕೊರಚರು ಇರುವುದು ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿ. ತಿರುಗಿದ್ದಕ್ಕೇ ಹಿಡಿದು ಬೇಲಿಯೊಳಗೆ ಹಾಕಿದ ಜನರಿಂದ, ಒಂದೇ ಕಡೆ ನೆಲೆಸಿದ್ದ ದಾಖಲೆ ಕೇಳಿದರೆ ಅವರು ಏನು ತಂದಾರು? ಹಳ್ಳದ ದಂಡೆ, ಗಾಯರಾಣಗಳಲ್ಲಿ ಈ ಕಾಯ್ದೆಯೂ ಇಲ್ಲ. ಅಲ್ಲಿ ನಡೆಯುವುದು ಪಕ್ಕದ ಹೊಲದವನ ಮರ್ಜಿ.

ಈ ತಿರುಗಾಟ ಮುಗಿಸಿ ಧಾರವಾಡಕ್ಕೆ ಬಂದಾಗ, ಕೃಷಿ ಓದಿದ ಗೆಳೆಯನೊಬ್ಬ ಉತ್ಸಾಹದಿಂದ ಹೇಳಿದ: ಕಸಬರಿಗೆ ಜೋಳದ ಬೀಜ ತರಿಸೋಣ, ನಮ್ಮ ಮಣ್ಣಿಗೆ ಒಗ್ಗುತ್ತದೆ, ಬದುವಿನ ಮೇಲಾದರೂ ಬೆಳೆಯಬಹುದು. ಒಗ್ಗಬಹುದು, ಜೋಳದ ನಾಡೇ ತಾನೆ. ಆದರೆ ಅದನ್ನು ಬೆಳೆಯುವವರು ಹೊಲ ಇದ್ದವರು. ಅಜ್ಜಿಯಂಥವರು ಅವರ ಅಂಗಳದಲ್ಲಿ ಕೂತು ದಿನಗೂಲಿಗೆ ಕಟ್ಟಬೇಕಾದೀತು. ಈಗಿರುವ ಕಸಬರಿಗೆಯ ಹೆಚ್ಚುಗಾರಿಕೆ ಎಂದರೆ ಅದು ಯಾರೂ ಬಿತ್ತದ ಗಿಡದಿಂದ ಬರುತ್ತದೆ. ಹೊಲ ಇಲ್ಲದವರಿಗೂ ಈ ಸೀಮೆಯಲ್ಲಿ ಒಂದು ಸುಗ್ಗಿ ಇದ್ದದ್ದು ಹಳ್ಳದ ದಂಡೆ ಎಲ್ಲರದೂ ಆಗಿದ್ದರಿಂದ. ಕಸಬರಿಗೆ ಕಟ್ಟುವ ಕೈ ಇನ್ನೂ ಇದೆ. ಮೊದಲು ಹೋದದ್ದು ದಂಡೆ.

ಬೆಣ್ಣೆಹಳ್ಳ, ತುಪ್ಪರಿಹಳ್ಳಗಳು ಮಳೆಗಾಲದಲ್ಲಿ ಹೊಲ ಕೊಚ್ಚುತ್ತವೆಂದು ಕೂಗು ಎದ್ದಾಗಲೆಲ್ಲ ಹೂಳೆತ್ತುವ, ದಂಡೆ ಕಟ್ಟುವ ಯೋಜನೆಗಳ ಮಾತು ಬರುತ್ತದೆ. ಬೇರಿನಿಂದ ಮಣ್ಣು ಹಿಡಿಯುವ ಈಚಲನ್ನು ಆ ದಂಡೆಗೆ ನೆಡಬಹುದು. ಗರಿ ಯಾರದು ಎಂಬುದನ್ನೂ ಆಗಲೇ ಬರೆದಿಡಬೇಕು, ಇಲ್ಲದಿದ್ದರೆ ಗಿಡ ಬೆಳೆದ ಮೇಲೆ ಅದಕ್ಕೂ ಒಬ್ಬ ಗುತ್ತಿಗೆದಾರ ಹುಟ್ಟುತ್ತಾನೆ. ಈಚಲು ಗರಿಗೆ ಬರಲು ವರ್ಷಗಳು ಬೇಕು. ಆ ಗರಿ ಕಟ್ಟುವವರದು ಎಂದು ಮೊದಲ ಠರಾವು ಬರೆಯಲು ಒಂದು ಗ್ರಾಮಸಭೆ ಸಾಕು.